ಎಡತೋಳಿನ ಅಸ್ತರು

ಆ ಜಾಕೆಟ್ಟು ಕೊಂಡದ್ದು ಶಿರಾಳಕೊಪ್ಪದ ಸಂತೆಯಲ್ಲಿ, ಬಸ್ಸು ಬದಲಿಸುವ ನಡುವಿನ ಹೊತ್ತಿನಲ್ಲಿ. ನನ್ನ ಹೆಂಡತಿಯ ಡಯಾಲಿಸಿಸ್ ಮುಗಿಸಿಕೊಂಡು ಶಿಕಾರಿಪುರದಿಂದ ವಾಪಸು ಬರುತ್ತಿದ್ದೆವು. ಸೊರಬದ ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ನಿಲ್ದಾಣದ ಬೆಂಚಿನ ಮೇಲೆ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಕೂತಿದ್ದಳು. ಬಿಸಿಲು ಚೆನ್ನಾಗಿಯೇ ಇತ್ತು. ಆದರೂ ಅವಳ ಗದ್ದ ನಡುಗುತ್ತಿತ್ತು.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಅವಳನ್ನು ಆ ಯಂತ್ರದ ಪಕ್ಕ ಮಲಗಿಸಬೇಕಾಗಿತ್ತು. ನಮಗೆ ಸರದಿ ಸಿಕ್ಕಿದ್ದು ಶಿಕಾರಿಪುರದಲ್ಲಿ, ಅದೂ ಬೆಳಗಿನ ಪಾಳಿ. ಕತ್ತಲು ಹರಿಯುವ ಮೊದಲೇ ಎದ್ದು ಬಸ್ಸು ಹಿಡಿಯಬೇಕು. ಡಿಸೆಂಬರಿನ ಮಂಜಿನಲ್ಲಿ ಕಿಟಕಿ ಎಷ್ಟು ಎಳೆದು ಮುಚ್ಚಿದರೂ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಆಸ್ಪತ್ರೆಯಲ್ಲಿ ಆ ಕೋಣೆಯೂ ತಣ್ಣಗೆ. ಮೈಯ ರಕ್ತವೆಲ್ಲ ಹೊರಗೆ ಹೋಗಿ, ತಣ್ಣಗಾಗಿ, ಮತ್ತೆ ಒಳಗೆ ಬಂದ ಹಾಗಾಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಶಾಲು ಹೊದಿಸಿದರೆ ಜಾರುತ್ತಿತ್ತು. ಸ್ವೆಟರ್ ತೊಡಿಸಲು ಆಗುತ್ತಿರಲಿಲ್ಲ. ಅವಳ ಎಡಗೈಯಲ್ಲಿ, ಮೊಣಕೈ ಕೆಳಗೆ, ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ಎರಡು ರಕ್ತನಾಳಗಳನ್ನು ಕೂಡಿಸಿ ಆಪರೇಷನ್ ಮಾಡಿದ್ದರು. ಆ ಜಾಗ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಅದಕ್ಕೆ ಬಿಗಿಯಾದದ್ದು ಏನೂ ತಾಗಬಾರದು, ಪೆಟ್ಟು ಬೀಳಬಾರದು, ಬಳೆಯನ್ನೂ ಹಾಕಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಮಗಳು ತನ್ನ ಗಂಡನ ಊರಿನಿಂದ ಒಂದು ಹೊಸ ಜಾಕೆಟ್ ಕಳಿಸಿದ್ದಳು. ನೋಡಲು ಚೆಂದವಿತ್ತು. ಆದರೆ ಮಣಿಕಟ್ಟಿನ ಹತ್ತಿರ ಇಲಾಸ್ಟಿಕ್. ಅದು ಬೀರುವಿಗೆ ಹೋಯಿತು.

ಸಂತೆಯ ಅಂಚಿನಲ್ಲಿ ಒಬ್ಬ ಹಳೆಯ ಉಣ್ಣೆ ಬಟ್ಟೆಗಳನ್ನು ಟಾರ್ಪಾಲಿನ ಮೇಲೆ ರಾಶಿ ಹಾಕಿಕೊಂಡಿದ್ದ. ಯಾವ ದೇಶದಲ್ಲಿ ಯಾರು ತೊಟ್ಟು ಬಿಟ್ಟದ್ದೋ. ರಾಶಿಯ ಅಡಿಯಿಂದ ನಾನು ಎಳೆದದ್ದು ಒಂದು ದೊಡ್ಡ ಗಂಡಸಿನ ಜಾಕೆಟ್ಟು. ಹೊರಗೆ ಕಪ್ಪು, ಒಳಗೆ ಕಂದು ಬಣ್ಣದ ಮಿನುಗುವ ಅಸ್ತರು. ತೋಳು ಎಷ್ಟು ಅಗಲವಿತ್ತೆಂದರೆ ನನ್ನ ಎರಡೂ ಕೈ ಒಂದರಲ್ಲೇ ತೂರುತ್ತಿದ್ದವು. ಬೆಂಚಿನ ಹತ್ತಿರ ತಂದು ಅವಳ ಹೆಗಲಿಗೆ ಹೊದಿಸಿದೆ. ಅವಳು ಜಿಪ್ ಎಳೆದುಕೊಂಡು, ಮೂಗಿನವರೆಗೆ ಅದರೊಳಗೆ ಮುಳುಗಿ, ಯಾವುದೋ ಸೋಪಿನ ವಾಸನೆ ಬರ್ತಾ ಇದೆ ಎಂದಳು. ಬಸ್ಸಿನಲ್ಲಿ ಸೊರಬದವರೆಗೂ ನಿದ್ದೆ ಮಾಡಿದಳು. ಡಯಾಲಿಸಿಸ್ ಶುರುವಾದ ಮೇಲೆ ಅವಳು ಬಸ್ಸಿನಲ್ಲಿ ಮಲಗಿದ್ದು ಅದೇ ಮೊದಲು.

ಮನೆಗೆ ಬಂದು ಒಗೆಯಲು ತಿರುವಿದಾಗ ಎಡತೋಳಿನ ಒಳಗೆ ಅಸ್ತರು ಹರಿದಿದ್ದು ಕಂಡಿತು. ಕಂಕುಳಿನ ಹೊಲಿಗೆ ಬಿಟ್ಟುಕೊಂಡು, ಅಲ್ಲಿಂದ ಮೊಣಕೈವರೆಗೆ ಬಟ್ಟೆ ಜೂಲುಜೂಲಾಗಿತ್ತು. ಬಲತೋಳು ಗಟ್ಟಿಯಾಗಿಯೇ ಇತ್ತು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ, ಹಾಗಾಗಿ ನಾನೂ ತಲೆಕೆಡಿಸಿಕೊಳ್ಳಲಿಲ್ಲ.

ಆದರೆ ತೊಡುವಾಗ ಪ್ರತಿ ಸಲವೂ ಅವಳ ಎಡಗೈ ದಾರಿ ತಪ್ಪುತ್ತಿತ್ತು. ತೋಳಿನೊಳಗೆ ಹೋಗಬೇಕಾದ ಕೈ ಅಸ್ತರಿಗೂ ಹೊರಬಟ್ಟೆಗೂ ನಡುವಿನ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ವಾಪಸು ಎಳೆದು, ಬಟ್ಟೆ ಸರಿಮಾಡಿ, ಮತ್ತೆ ತೂರಿಸಬೇಕು. ಡಯಾಲಿಸಿಸ್ ನಡೆಯುವಾಗ ಎಡಗೈ ಹೊರಗಿರಬೇಕಾದ್ದರಿಂದ ದಿನಕ್ಕೆ ಹಲವು ಸಲ ಈ ಕಸರತ್ತು. ನಾನು ಹಿಂದೆ ನಿಂತು ತೋಳನ್ನು ಅಗಲಿಸಿ ಹಿಡಿಯುವೆ, ಅವಳು ಕಣ್ಣು ಮುಚ್ಚಿ ಬೆರಳುಗಳನ್ನು ಒಟ್ಟು ಮಾಡಿ ತಳ್ಳುವಳು. ದಣಿದವರಿಗೆ ಇಂಥ ಸಣ್ಣ ಕೆಲಸಗಳೇ ಜೀವ ಹಿಂಡುತ್ತವೆ.

ಒಂದು ದಿನ ಡಯಾಲಿಸಿಸ್ ಮುಗಿದು, ಸೂಜಿ ತೆಗೆದ ಜಾಗಕ್ಕೆ ಪಟ್ಟಿ ಹಾಕಿಸಿಕೊಂಡು ಅವಳು ಹೊರಗೆ ಬಂದಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಅವಸರದಲ್ಲಿ ಜಾಕೆಟ್ಟು ಹಿಡಿದೆ. ಕೈ ಮತ್ತೆ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಅವಳು ಬೇಸತ್ತು ಜೋರಾಗಿ ಎಳೆದಳು. ಜೂಲಾಗಿದ್ದ ಬಟ್ಟೆ ಪಟ್ಟಿಗೆ ಸುತ್ತಿಕೊಂಡಿತ್ತು. ಕೈ ಈಚೆ ಬರುವಷ್ಟರಲ್ಲಿ ಬಿಳಿ ಪಟ್ಟಿ ಕೆಂಪಾಗಿ, ರಕ್ತ ಮೊಣಕೈಯಿಂದ ತೊಟ್ಟಿಕ್ಕತೊಡಗಿತು. ನರ್ಸ್ ಓಡಿ ಬಂದು ಹೆಬ್ಬೆರಳಿಂದ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಬೇರೆ ಕೆಲಸ ಬಿಟ್ಟು ನಿಂತಿದ್ದ ಅವರಿಗೂ ಸುಸ್ತಾಗಿತ್ತು. ಆ ಕೈ ಹೋದರೆ ಮತ್ತೆ ಕುತ್ತಿಗೆಯಲ್ಲೇ ನಳಿಗೆ ಹಾಕಬೇಕಾಗುತ್ತದೆ, ಸ್ವಲ್ಪ ನೋಡಿಕೊಳ್ಳಿ ಎಂದು ನನಗೆ ಹೇಳಿದರು. ಕುತ್ತಿಗೆಯ ನಳಿಗೆಯೊಂದಿಗೆ ಅವಳು ಕಳೆದ ದಿನಗಳು ನಮ್ಮಿಬ್ಬರಿಗೂ ನೆನಪಿದ್ದವು. ನಾವು ಮುಂದಿನ ಬಸ್ಸಿಗೆ ಕಾದೆವು.

ಮರುದಿನವೇ ಜಾಕೆಟ್ಟನ್ನು ಸೊರಬದ ಒಬ್ಬ ಟೈಲರ್ ಹತ್ತಿರ ಒಯ್ದೆ. ಅವರು ತೋಳನ್ನು ಒಳಹೊರಗು ಮಾಡಿ ನೋಡಿ, ಇದನ್ನು ರಿಪೇರಿ ಮಾಡಬೇಕೆಂದರೆ ತೋಳು ಪೂರ್ತಿ ಬಿಚ್ಚಬೇಕು, ಮದುವೆಯ ಕೆಲಸಗಳು ಕುತ್ತಿಗೆಯವರೆಗೆ ಬಂದಿವೆ, ಯುಗಾದಿ ಕಳೆಯಲಿ ಎಂದರು. ಯುಗಾದಿಯ ಹೊತ್ತಿಗೆ ಚಳಿಯೇ ಇರುವುದಿಲ್ಲ ಎಂದೆ. ಹಾಗಾದರೆ ಹೊಸದು ತಗೊಂಡುಬಿಡಿ ಎಂದು ನಯವಾಗಿಯೇ ಹೇಳಿ ವಾಪಸು ಕೊಟ್ಟರು. ಶಿಕಾರಿಪುರದಲ್ಲಿ ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಇನ್ನೊಬ್ಬರನ್ನು ಕೇಳಿದೆ. ಅವರು ಜಿಪ್ ಮಾತ್ರ ಹಾಕುತ್ತಿದ್ದರಂತೆ.

ಇದನ್ನೆಲ್ಲ ಕೇಳಿ ನನ್ನ ಹೆಂಡತಿ, ಊರವರನ್ನೆಲ್ಲ ಯಾಕೆ ಕೇಳ್ತೀರಿ, ನಾನೇ ಹಾಕ್ತೀನಿ ಎಂದಳು.

ಅವಳು ಹಾಗೆ ಹೇಳಲು ಕಾರಣವಿತ್ತು. ಕಾಯಿಲೆ ಬೀಳುವವರೆಗೆ ಅವಳು ನಮ್ಮ ಬೀದಿಗೆಲ್ಲ ಬ್ಲೌಸು ಹೊಲಿದವಳು. ಮುಂಗೋಣೆಯ ಕಿಟಕಿಯ ಹತ್ತಿರ ಅವಳ ಮಷಿನ್ ಇತ್ತು. ಹಬ್ಬದ ದಿನಗಳಲ್ಲಿ ಆ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ರೈತರ ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ಸುತ್ತುವವನು, ಅವಳು ಹೊಲಿಯುವವಳು, ಇಬ್ಬರ ಬೆನ್ನೂ ಸಂಜೆಗೆ ಒಂದೇ ರೀತಿ ನೋಯುತ್ತಿತ್ತು.

ಆ ಮಧ್ಯಾಹ್ನ ಅವಳು ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿಕೊಂಡು, ಜಾಕೆಟ್ಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಸೂಜಿಗೆ ದಾರ ಪೋಣಿಸಲು ಹೋದಳು. ಸಕ್ಕರೆ ಕಾಯಿಲೆ ಕಿಡ್ನಿಗಿಂತ ಮೊದಲು ಕಣ್ಣನ್ನು ತಿಂದಿತ್ತು, ಲೇಸರ್ ಮಾಡಿಸಿದ ಮೇಲೂ ಸಣ್ಣದು ಕಾಣುತ್ತಿರಲಿಲ್ಲ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹಲ್ಲಿನಲ್ಲಿ ಕಚ್ಚಿ, ಮತ್ತೆ ಮತ್ತೆ ಪ್ರಯತ್ನಿಸಿದಳು. ನಾನು ಪೋಣಿಸಿ ಕೊಟ್ಟೆ. ಹೊಲಿಯಲು ಶುರುಮಾಡಿದಾಗ ಬಲಗೈ ನಡುಗತೊಡಗಿತು. ಸೂಜಿ ಹೊಕ್ಕದ್ದು ಒಂದು ಕಡೆ, ಹೊರಬಂದದ್ದು ಇನ್ನೊಂದು ಕಡೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಜಾಕೆಟ್ಟನ್ನು ಮಡಿಸಿ ಪಕ್ಕಕ್ಕಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಮಾರನೆಯ ದಿನದ ಚೀಲ ತುಂಬುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, "ನಾಳೆ ನಾನು ಬರಲ್ಲ ರೀ" ಎಂದಳು.

"ಯಾಕೆ, ಹುಷಾರಿಲ್ವಾ?"

"ಹುಷಾರಿಗೇನು. ಸಾಕಾಗೈತೆ ಅಷ್ಟೆ. ಒಂದು ದಿನ ಮನೇಲಿರ್ತೀನಿ."

ಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ವೈದ್ಯರು ಹೇಳಿದ್ದರು. ನಾನು ಅದನ್ನೇ ಮತ್ತೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ಗೊತ್ತು ಎಂದು ಒಳಗೆ ಹೋದಳು. ಬೆಳಿಗ್ಗೆ ಅಲಾರಾಂ ಹೊಡೆದಾಗ ಅವಳು ಏಳಲಿಲ್ಲ. ನಾನು ಇನ್ನೊಮ್ಮೆ ಕರೆದು ಸುಮ್ಮನಾದೆ.

ನಿಜ ಹೇಳಬೇಕೆಂದರೆ ಆ ದಿನ ಚೆನ್ನಾಗಿಯೇ ಇತ್ತು. ಬೆಳಕಾದ ಮೇಲೆ ಎದ್ದೆವು. ಅವಳು ಬಹಳ ದಿನಗಳ ಮೇಲೆ ಒಲೆಯ ಮುಂದೆ ನಿಂತು ಅವಲಕ್ಕಿ ಒಗ್ಗರಣೆ ಮಾಡಿದಳು. ನಾನು ಅಂಗಡಿ ತೆರೆದು, ವಾರದಿಂದ ಕಾದಿದ್ದ ಒಂದು ಮೋಟಾರ್ ಮುಗಿಸಿ ಕೊಟ್ಟೆ. ಪಕ್ಕದ ಮನೆಯವರು ಬಂದು ಕೂತು ಮಾತಾಡಿಹೋದರು. ಕಾಯಿಲೆ ಬೇರೆ ಯಾರದೋ ಮನೆಯಲ್ಲಿದೆ ಎನ್ನುವ ಹಾಗಿತ್ತು.

ಅದರ ಮಾರನೆಯ ದಿನ ಅವಳ ಪಾದ ಊದಿತು, ಸಂಜೆಗೆ ಮುಖ ಊದಿತು. ಮುಂದಿನ ಬೆಳಿಗ್ಗೆ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಎದ್ದು ಕೂತು, ಮುಂದಕ್ಕೆ ಬಾಗಿ, ನೀರಿನಿಂದ ಮೇಲೆತ್ತಿದವರ ಹಾಗೆ ಉಸಿರು ಎಳೆಯುತ್ತಿದ್ದಳು. ಪರಿಚಯದವರ ಕಾರು ಕರೆಸಿದೆ. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆಯ ಅರ್ಧದವರೆಗೆ ಮೆಕ್ಕೆಜೋಳ ಒಣಹಾಕಿದ್ದರು. ಕಾರು ಪಕ್ಕಕ್ಕೆ ಸರಿದು ನಿಧಾನ ಹೋಗಬೇಕಾಯಿತು. ಅವಳು ಮುಂದಿನ ಸೀಟಿನ ಬೆನ್ನಿಗೆ ಹಣೆ ಒತ್ತಿಕೊಂಡಿದ್ದಳು. ನಾನು ಜಾಕೆಟ್ಟನ್ನು ಅವಳ ಬೆನ್ನಿನ ಮೇಲೆ ಹಾಕಿ, ಜಾರದ ಹಾಗೆ ಕೈಯಿಂದ ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಕೂಡಲೇ ಆಕ್ಸಿಜನ್ ಹಾಕಿದರು. ಆದರೆ ಅದು ನಮ್ಮ ದಿನವಲ್ಲ, ಯಂತ್ರಗಳೆಲ್ಲ ತುಂಬಿದ್ದವು. ಖಾಲಿಯಾಗುವ ಮುಂದಿನ ಹಾಸಿಗೆ ಬೇರೆಯವರ ಸರದಿ. ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ವೃದ್ಧರೂ ಅವರ ಹೆಂಡತಿಯೂ ಕೂತಿದ್ದರು. ಅಂಜನಾಪುರದವರು. ಆಗೀಗ ಮುಖ ನೋಡಿದ ನೆನಪಿತ್ತು, ಮಾತಾಡಿರಲಿಲ್ಲ. ಸರದಿ ಅವರದೇ. ನರ್ಸ್ ಬಂದು ವೃದ್ಧರ ಹೆಸರು ಕರೆದಾಗ ಆ ಅಮ್ಮ ಎದ್ದು ನಿಂತು, ಗಂಡನ ಕಡೆ ಒಮ್ಮೆ ನೋಡಿದರು. ಅವರು ತಲೆಯಾಡಿಸಿದರು.

"ಆಕೀನ ಮೊದ್ಲು ಮಲಗಿಸ್ರಿ. ನಮ್ಮವ್ರು ತಡ್ಕಂತಾರ," ಎಂದರು ಅಮ್ಮ.

ನಾನು ಅವರ ಕಡೆ ಕೈಮುಗಿದೆ. ಅವರು ಅದನ್ನು ನೋಡಲೂ ಇಲ್ಲ. ಗಂಡನ ಕಾಲಿನ ಮೇಲೆ ಕಂಬಳಿ ಸರಿಮಾಡುತ್ತಿದ್ದರು.

ಅವಳು ಒಳಗಿದ್ದಷ್ಟು ಹೊತ್ತೂ ಆ ಇಬ್ಬರೂ ನನ್ನ ಪಕ್ಕದಲ್ಲೇ ಕಾದರು. ವೃದ್ಧರು ಕೂತಲ್ಲೇ ತೂಕಡಿಸಿದರು. ಅಮ್ಮ ನನಗೆ ಊಟವಾಯಿತೇ ಎಂದು ಕೇಳಿ, ತಮ್ಮ ಬುತ್ತಿಯ ರೊಟ್ಟಿಯಲ್ಲಿ ಒಂದನ್ನು ಕೊಟ್ಟರು. ನಡೆದದ್ದು ಕೇಳಿ, ಇವರೂ ಒಂದು ಸಲ ಹೀಗೇ ಹಟ ಮಾಡಿ ಮನೆಯಲ್ಲಿ ಕೂತಿದ್ದರು, ಎಲ್ಲರೂ ಒಂದು ಸಲ ಮಾಡುತ್ತಾರೆ ಎಂದು ಹೇಳಿದರು. ನಾನು ರೊಟ್ಟಿ ಮುರಿದು ತಿಂದೆ.

ಎರಡು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡು ಕಳಿಸಿದರು. ಮನೆಗೆ ಬರುವಾಗ ಶಿರಾಳಕೊಪ್ಪದ ನಿಲ್ದಾಣದಲ್ಲಿ ಜಾಕೆಟ್ಟು ತೊಡಿಸಲು ಹೋದೆ. ಕೈ ಮತ್ತೆ ಅದೇ ಸಂದಿಗೆ ಹೋಯಿತು. ಈ ಸಲ ಅವಳು ಎಳೆಯಲಿಲ್ಲ. ಹಾಗೇ ಕೈ ಒಳಗಿಟ್ಟುಕೊಂಡು, "ನಾನು ಹೇಳ್ತೀನಿ, ನೀವು ಹೊಲೀರಿ. ನಿಮ್ಮ ಕಣ್ಣಿಗೇನು ಬಂದೈತೆ?" ಎಂದಳು.

ನನಗೆ ಗುಂಡಿ ಹಾಕುವುದು ಬಿಟ್ಟರೆ ಬೇರೆ ಹೊಲಿಗೆ ಗೊತ್ತಿರಲಿಲ್ಲ. ಮಷಿನ್ ತುಳಿಯಲು ಅವಳ ಕಾಲಿನಲ್ಲಿ ಶಕ್ತಿಯಿರಲಿಲ್ಲ, ನನಗೆ ಅದನ್ನು ಓಡಿಸಲು ಬಾರದು. ಕೈಹೊಲಿಗೆಯೇ ಆಗಬೇಕು ಎಂದಾಯಿತು. ಮೊದಲು ಹರಿದ ತೋಳಿನ ಅಸ್ತರನ್ನು ಕಂಕುಳಿನಿಂದಲೂ ಮಣಿಕಟ್ಟಿನಿಂದಲೂ ಬಿಚ್ಚಿ ತೆಗೆಯಲು ಹೇಳಿದಳು. ನಾನು ಬ್ಲೇಡಿನಲ್ಲಿ ಒಂದೊಂದೇ ದಾರ ಕತ್ತರಿಸಿದೆ. ಅದನ್ನು ನೀರು ಚಿಮುಕಿಸಿ ಇಸ್ತ್ರಿ ಮಾಡಿ ಹಾಸಿದಾಗ, ಹರಿದ ತುಂಡುಗಳನ್ನು ಸೇರಿಸಿ ನೋಡಿದರೆ ತೋಳಿನ ಅಳತೆ ಸಿಕ್ಕಿತು.

ಹೊಸ ಬಟ್ಟೆ ನುಣುಪಾಗಿರಬೇಕು, ಕಾಟನ್ ಆದರೆ ಕೈಗೆ ತಡೆಯುತ್ತದೆ ಎಂದಳು. ತರಲೇ ಎಂದು ಕೇಳಿದೆ. ಬೇಡ ಎಂದು ಟ್ರಂಕಿನ ಕಡೆ ಕೈ ತೋರಿಸಿದಳು. ಟ್ರಂಕಿನ ತಳದಲ್ಲಿ ಹೊಲಿಯಲು ಕೊಟ್ಟು ಯಾರೂ ಬಂದು ಒಯ್ಯದೆ ಉಳಿದ ಬಟ್ಟೆಗಳ ಗಂಟಿತ್ತು. ಅದರಲ್ಲಿ ಒಂದು ತಿಳಿನೀಲಿ ಸ್ಯಾಟಿನ್. ವರ್ಗವಾಗಿ ಹೋದ ಯಾರೋ ಒಬ್ಬರು ಮಗಳಿಗೆ ಲಂಗ ಹೊಲಿಯಲು ಕೊಟ್ಟದ್ದಂತೆ. ಬೇರೆಯವರ ಬಟ್ಟೆ ಎಂದು ಇಷ್ಟು ವರ್ಷ ಮುಟ್ಟಿರಲಿಲ್ಲ. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗೈಯಿಂದ ಸವರಿದಳು.

"ಬಂದು ಕೇಳಿದ್ರೆ ಏನ್ ಹೇಳೋದು ಅಂತ ಇಟ್ಟಿದ್ದೆ. ಇನ್ ಯಾರು ಬರ್ತಾರೆ," ಎಂದು ಕತ್ತರಿ ತರಲು ಹೇಳಿದಳು.

ಕತ್ತರಿಸುವುದನ್ನು ಮಾತ್ರ ಅವಳು ನನಗೆ ಬಿಡಲಿಲ್ಲ. ನಾನು ಬಟ್ಟೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದೆ. ಅವಳು ಹಳೆಯ ಅಸ್ತರಿನ ಅಂಚನ್ನು ಎಡಗೈ ಬೆರಳಿನಿಂದ ಮುಟ್ಟಿ ನೋಡುತ್ತ, ಅದಕ್ಕಿಂತ ಸ್ವಲ್ಪ ಅಗಲ ಬಿಟ್ಟು, ಕತ್ತರಿ ಓಡಿಸಿದಳು. ಸೂಜಿ ಹಿಡಿದಾಗ ನಡುಗಿದ ಕೈ ಕತ್ತರಿಯಲ್ಲಿ ಅಷ್ಟು ನಡುಗಲಿಲ್ಲ. ಕತ್ತರಿಸಿ ಮುಗಿಸಿ ಒಂದು ಲೋಟ ನೀರು ಕೇಳಿದಳು. ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂಬ ಕಟ್ಟಳೆ ಇತ್ತು. ನಾನು ಅರ್ಧ ಲೋಟ ಕೊಟ್ಟೆ. ಅವಳು ಅದನ್ನು ಗುಟುಕು ಗುಟುಕಾಗಿ ಬಾಯಲ್ಲಿ ತಿರುಗಿಸಿ ಕುಡಿದು, ಖಾಲಿ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದಳು.

ಅಲ್ಲಿಂದ ನನ್ನ ಹೊಲಿಗೆ ಶುರುವಾಯಿತು. ಮನೆಯಲ್ಲಿದ್ದ ದಿನ ಅಂಗಡಿಯಿಂದ ಬಂದು ಊಟವಾದ ಮೇಲೆ ಅವಳ ಮಂಚದ ಪಕ್ಕ ಕೂತು ಹೊಲಿಯುತ್ತಿದ್ದೆ. ಆಸ್ಪತ್ರೆಗೆ ಹೋದ ದಿನ ಕಾರಿಡಾರಿನ ಬೆಂಚಿನಲ್ಲಿ. ಮೊದಲಿಗೆ ನನ್ನ ಹೊಲಿಗೆಯೆಲ್ಲ ಸುಕ್ಕು. ತಂತಿ ಸುತ್ತಿ ಅಭ್ಯಾಸವಾದ ಕೈ ಪ್ರತಿ ಸಲ ದಾರವನ್ನು ಬಿಗಿಯಾಗಿ ಎಳೆದುಬಿಡುತ್ತಿತ್ತು. ಮೋಟಾರಿನಲ್ಲಿ ಸುತ್ತು ಸಡಿಲವಾದರೆ ಸುಡುತ್ತದೆ. ಇಲ್ಲಿ ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಅವಳಿಗೆ ನನ್ನ ಹೊಲಿಗೆ ಕಾಣುತ್ತಿರಲಿಲ್ಲ, ಹೆಬ್ಬೆರಳಿನಿಂದ ಅದರ ಮೇಲೆ ಸವರುತ್ತ ಹೋಗಿ ಒಂದು ಕಡೆ ನಿಲ್ಲಿಸುತ್ತಿದ್ದಳು. ಅಲ್ಲಿಂದ ಬಿಚ್ಚಬೇಕು ಎಂದು ಅರ್ಥ.

ಕಾರಿಡಾರಿನಲ್ಲಿ ಗಂಡಸೊಬ್ಬ ಸೂಜಿ ದಾರ ಹಿಡಿದು ಕೂತದ್ದನ್ನು ಎಲ್ಲರೂ ನೋಡುತ್ತಿದ್ದರು. ಆ ಹೊತ್ತಿಗೆ ಅಂಜನಾಪುರದ ವೃದ್ಧರ ದಿನವೂ ಬದಲಾಗಿ ನಮ್ಮದರ ಜೊತೆಗೇ ಬಿದ್ದಿತ್ತು. ಅಮ್ಮ ನನ್ನ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ಗದ್ದೆ ಊರ ಪಕ್ಕದ ಜಲಾಶಯದ ನೀರಿನದು, ಮಗ ನೋಡಿಕೊಳ್ಳುತ್ತಾನೆ, ಇವರನ್ನು ಕರೆತರುವುದು ಮಾತ್ರ ತಾನೇ ಎಂದು ಒಮ್ಮೆ ಹೇಳಿದರು. ನನ್ನ ದಾರ ಗಂಟಾದಾಗ ಅದನ್ನು ತೆಗೆದುಕೊಂಡು ಬಿಡಿಸಿ ಕೊಡುತ್ತಿದ್ದರು. ನನ್ನ ಹೆಂಡತಿ ಹೊರಗೆ ಬಂದಾಗ, ನಿನ್ನ ಗಂಡ ಇವತ್ತು ಇಷ್ಟು ಹೊಲಿದಿದ್ದಾನೆ ನೋಡು ಎಂದು ಬೆರಳಲ್ಲಿ ಅಳತೆ ತೋರಿಸುತ್ತಿದ್ದರು.

ಕೊಳವೆಯ ಹಾಗೆ ಹೊಲಿದ ಅಸ್ತರನ್ನು ಜಾಕೆಟ್ಟಿನ ತೋಳಿನೊಳಗೆ ತೂರಿಸಿ, ಕಂಕುಳಿನ ಸುತ್ತ ಹೆಮ್ಮಿಂಗ್ ಹಾಕಿ, ಆಮೇಲೆ ಮಣಿಕಟ್ಟಿಗೆ ಕೂಡಿಸಬೇಕಿತ್ತು. ಇದನ್ನು ನಾನು ಮನೆಯಲ್ಲಿ, ಒಂದು ಭಾನುವಾರ ಪೂರ್ತಿ ಕೂತು ಮುಗಿಸಿದೆ. ಕುತ್ತಿಗೆ ಮರಗಟ್ಟಿತ್ತು. ಬೆರಳ ತುದಿಯೆಲ್ಲ ಚುಚ್ಚಿ ಉರಿಯುತ್ತಿತ್ತು. ಮುಗಿಯಿತು ಎಂದು ಕೊಟ್ಟೆ. ಅವಳು ಕೈ ತೂರಿಸಿದಳು. ಮೊಣಕೈವರೆಗೆ ಹೋದ ಕೈ ಅಲ್ಲಿ ತಿರುಚಿಕೊಂಡು ನಿಂತಿತು. ಒಳಗಿನ ಅಸ್ತರು, ಹಿಂಡಿದ ಬಟ್ಟೆಯ ಹಾಗೆ, ಒಂದು ಸುತ್ತು ತಿರುಗಿಕೊಂಡಿತ್ತು. ಕಂಕುಳಿಗೆ ಸರಿಯಾಗಿ ಕೂಡಿಸಿದವನು ಮಣಿಕಟ್ಟಿಗೆ ಬರುವಾಗ ತಿರುವಿ ಹೊಲಿದುಬಿಟ್ಟಿದ್ದೆ.

ಅವಳು ಕೈ ಈಚೆ ತೆಗೆದು, "ಬಿಚ್ಚಬೇಕು," ಎಂದಳು.

ನಾನು ಜಾಕೆಟ್ಟನ್ನು ಕಿತ್ತುಕೊಂಡು ಮೂಲೆಗೆ ಎಸೆದೆ. "ನನ್ನಿಂದ ಆಗಲ್ಲ. ನನಗೂ ಸಾಕಾಗಿದೆ. ಬಸ್ಸು, ಆಸ್ಪತ್ರೆ, ಅಂಗಡಿ, ಈಗ ಇದು. ನನಗೂ ಸಾಕಾಗಿದೆ."

"ಗೊತ್ತು," ಎಂದಳು.

ಆ ಧ್ವನಿಯಲ್ಲಿ ಕೋಪವಿರಲಿಲ್ಲ, ಸಮಾಧಾನ ಮಾಡುವ ಪ್ರಯತ್ನವೂ ಇರಲಿಲ್ಲ. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು. ಅವಳು ದಿಂಬಿಗೆ ಒರಗಿಕೊಂಡು ಮುಂದುವರಿಸಿದಳು.

"ನನ್ ಕಾಯಿಲೆ ನಿಮ್ಮನ್ನೂ ತಿಂತಾ ಐತೆ. ನಂಗೆ ಕಾಣದ ಹಂಗೇನಿಲ್ಲ. ಆವತ್ತು ಬರಲ್ಲ ಅಂದಿದ್ದು ಅದಕ್ಕೇಯ. ಉಸಿರು ಸಿಗದೆ ಹೋದಾಗ ಮಾತ್ರ ಬದುಕಬೇಕು ಅನ್ನಿಸ್ತು. ಏನ್ ಮಾಡ್ಲಿ."

ಎದ್ದು ಜಾಕೆಟ್ಟು ತಂದೆ. ಅವಳ ಮಂಚದ ಅಂಚಿನಲ್ಲಿ ಕೂತು ಮಣಿಕಟ್ಟಿನ ಹೊಲಿಗೆ ಬಿಚ್ಚತೊಡಗಿದೆ. ಅವಳು ಬಿಚ್ಚಿದ ದಾರದ ತುಣುಕುಗಳನ್ನು ಒಂದೊಂದಾಗಿ ಹಾಸಿಗೆಯಿಂದ ಆರಿಸಿ ಅಂಗೈಯಲ್ಲಿ ಕೂಡಿಹಾಕಿದಳು. ಆ ದಿನ ಮತ್ತೆ ಹೊಲಿಯಲಿಲ್ಲ. ಬಿಚ್ಚಿ ಮಡಿಸಿಟ್ಟು, ಇಬ್ಬರೂ ಊಟ ಮಾಡಿ ಮಲಗಿದೆವು.

ಆಮೇಲೆ ಅವಳು ಒಂದು ಉಪಾಯ ಹೇಳಿಕೊಟ್ಟಳು. ಮಣಿಕಟ್ಟಿನಲ್ಲಿ ಹೊಲಿಯುವ ಮೊದಲು ತನ್ನ ಕೈಯನ್ನೇ ತೋಳಿನೊಳಗೆ ಇಟ್ಟುಕೊಂಡು, ಅಸ್ತರು ಮೈಗೆ ಸರಿಯಾಗಿ ಕೂತಿದೆಯೇ ಎಂದು ನೋಡಿ, ಹಾಗೆಯೇ ಪಿನ್ ಹಾಕಿಸಿದಳು. ಆ ಕೈಗೆ ಪಿನ್ ತಾಗೀತೆಂದು ನಾನು ಹೆದರಿ ಹೆದರಿ ಚುಚ್ಚಿದೆ. ಅವಳ ಎಡಗೈಯ ಆ ಉಬ್ಬಿದ ನಾಳ, ಅಸ್ತರು ಹಿಡಿಯಲು ಅದೇ ತೋಳಿನೊಳಗೆ ತೂರಿಸಿದ್ದ ನನ್ನ ಮುಂಗೈಗೆ ತಾಗಿ ಗುಂಯ್ ಎಂದು ಮಿಡಿಯುತ್ತಿತ್ತು. ಹಿಂದಿನ ತಿಂಗಳುಗಳಲ್ಲಿ ಆ ಮಿಡಿತ ಇದೆಯೇ ಎಂದು ದಿನಾ ಮುಟ್ಟಿ ನೋಡುತ್ತಿದ್ದೆ. ವೈದ್ಯರು ಹಾಗೆ ಹೇಳಿದ್ದರು. ಆ ದಿನ ಮಾತ್ರ ಅದು ಕೆಲಸದ ನಡುವೆ ತಾನಾಗಿ ತಾಗಿತು, ನಾನು ಸ್ವಲ್ಪ ಹೊತ್ತು ಕೈ ಸರಿಸಲಿಲ್ಲ.

ಮುಂದಿನ ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ನಾನೂ ಬೆಂಚಿನಲ್ಲಿ ಮಣಿಕಟ್ಟಿನ ಕೊನೆಯ ಹೊಲಿಗೆ ಹಾಕಿ ದಾರ ಕಡಿದೆ. ಅವಳು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದಳು. ನಾನು ಜಾಕೆಟ್ಟು ಹಿಡಿದೆ. ಅಂಜನಾಪುರದ ಅಮ್ಮನೂ ಬತ್ತಿ ಬಿಟ್ಟು ನೋಡುತ್ತಿದ್ದರು. ಅವಳ ಕೈ ನೀಲಿ ಸ್ಯಾಟಿನ್ ಮೇಲೆ ಜಾರಿ ಎಲ್ಲೂ ನಿಲ್ಲದೆ ಕೆಳಗೆ ಹೋಗಿ, ಮಣಿಕಟ್ಟಿನಿಂದ ಬೆರಳುಗಳು ಹೊರಗೆ ಬಂದವು. ಅವಳು ಬೆರಳುಗಳನ್ನು ಅಲ್ಲಾಡಿಸಿ ನೋಡಿದಳು.

"ಕಂಕುಳಲ್ಲಿ ಒಂಚೂರು ಎಳೀತೈತೆ," ಎಂದಳು. "ಇರಲಿ ಬಿಡಿ."

ಅವಳ ಬಾಯಲ್ಲಿ ಇದು ದೊಡ್ಡ ಮಾತು ಎಂದು ನನಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಕಷ್ಟಪಟ್ಟು ಹೊಲಿದಿದ್ದಾನೆ, ಚೆನ್ನಾಗಿದೆ ಅನ್ನಬಾರದೇ ಎಂದು ಅವಳನ್ನು ಗದರಿದರು. ಅವಳು ನಕ್ಕಳು. ನಗಲೂ ಶಕ್ತಿ ಬೇಕು, ಡಯಾಲಿಸಿಸ್ ಆದ ಹೊತ್ತಿನಲ್ಲಿ ಅವಳು ನಗುತ್ತಿದ್ದುದು ಕಡಿಮೆ.

ಚಳಿ ಇನ್ನೂ ಕೆಲವು ವಾರ ಇತ್ತು. ಜಾಕೆಟ್ಟು ಕೆಲಸಕ್ಕೆ ಬಂತು. ಆಮೇಲೆ ಬಿಸಿಲು ಏರಿತು, ನಮ್ಮ ಪಾಳಿಯೂ ಮಧ್ಯಾಹ್ನಕ್ಕೆ ಬದಲಾಯಿತು. ಪಾಳಿ ಬದಲಾದ ಮೇಲೆ ಅಂಜನಾಪುರದವರು ಸಿಗುವುದು ತಪ್ಪಿತು. ಒಂದು ದಿನ ನರ್ಸನ್ನು ವಿಚಾರಿಸಿದೆವು. ಆ ವೃದ್ಧರು ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಮನೆಯಲ್ಲೇ, ಬೆಳಗಿನ ಚಹಾ ಕುಡಿದು ಕೂತವರು ಹಾಗೇ ಒರಗಿದರಂತೆ.

ಬಸ್ಸಿನಲ್ಲಿ ನನ್ನ ಹೆಂಡತಿ, ಅಂಜನಾಪುರಕ್ಕೆ ಹೋಗಿ ಬರೋಣ ಎಂದಳು. ಆಸ್ಪತ್ರೆ ಇಲ್ಲದ ದಿನ ಅವಳಿಗೆ ಎದ್ದು ಓಡಾಡುವುದೇ ಕಷ್ಟ. ಒಂದು ವರ್ಷದಿಂದ ಅವಳು ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ, ಯಾವ ಮದುವೆಗೂ, ಯಾರ ಮನೆಗೂ. ಫೋನ್ ಮಾಡಿದರೆ ಸಾಲದೇ ಎಂದೆ. ಅವರು ಆವತ್ತು ಸರದಿ ಬಿಟ್ಟುಕೊಟ್ಟಿದ್ದು ಫೋನಿನಲ್ಲಾ ಎಂದು ಕೇಳಿದಳು.

ಹೋದೆವು. ಅಮ್ಮ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಅಳಲಿಲ್ಲ. ಚಾಪೆ ಹಾಸಿದರು, ಸೊಸೆಗೆ ಕೂಗಿ ಚಹಾ ಇಡಲು ಹೇಳಿದರು, ಆಮೇಲೆ ನೆನಪಾಗಿ, ಇವಳಿಗೆ ಅರ್ಧ ಲೋಟ ಸಾಕು ಎಂದು ತಾವೇ ಒಳಗೆ ಹೋಗಿ ಹೇಳಿ ಬಂದರು. ಆಸ್ಪತ್ರೆಯ ದಿನ ಈಗಲೂ ಬೆಳಿಗ್ಗೆ ಎಚ್ಚರವಾಗುತ್ತದೆ, ಬುತ್ತಿ ಕಟ್ಟಲು ಏಳುತ್ತೇನೆ, ಆಮೇಲೆ ಕೂತುಬಿಡುತ್ತೇನೆ ಎಂದರು. ನನ್ನ ಹೆಂಡತಿ ಅವರ ಮೊರಕ್ಕೆ ಕೈ ಹಾಕಿ ಶೇಂಗಾ ಸುಲಿಯತೊಡಗಿದಳು. ಇಬ್ಬರೂ ಹಾಗೆ ಸುಲಿಯುತ್ತ ಕೂತರು.

ಹೊರಡುವಾಗ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಜಲಾಶಯದ ಏರಿಯವರೆಗೆ ನಿಧಾನ ನಡೆದೆವು. ಬೇಸಿಗೆಯಾದರೂ ನೀರು ಸಾಕಷ್ಟಿತ್ತು. ಸಂಜೆಯ ಗಾಳಿಗೆ ಸಣ್ಣ ಅಲೆಗಳು ಕಲ್ಲಿಗೆ ಬಡಿಯುತ್ತಿದ್ದವು. ಅವಳು ನನ್ನ ಹೆಗಲು ಹಿಡಿದು ನಿಂತು ನೀರನ್ನೇ ನೋಡಿದಳು. ಬಾಯಾರಿಕೆಯಾಗಿದೆಯೇ ಎಂದು ಕೇಳಿದೆ. ಅವಳಿಗೆ ಬಾಯಾರಿಕೆ ಇಲ್ಲದ ಹೊತ್ತೇ ಇರಲಿಲ್ಲ, ಆದರೂ ಕೇಳಿದೆ.

"ಹೂಂ," ಎಂದಳು. "ನೋಡಾಕೆ ಎಷ್ಟು ಚೆನ್ನಾಗೈತೆ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಏರಿಯಿಂದ ಇಳಿಯುವಾಗ ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಅವಳೇ ಕೇಳಿದಳು. ಊಟ ಮಾಡಿಕೊಂಡೇ ಹೋಗೋಣ, ಮಧ್ಯಾಹ್ನದ ಪಾಳಿಯಲ್ಲವೇ ಎಂದೆ. ಹಾಗಾದರೆ ಬೆಳಿಗ್ಗೆ ಸ್ವಲ್ಪ ಮಲಗಬಹುದು ಎಂದು ಅವಳು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು.